ದೊಡ್ಡ ಗೇಮ್‌ಗಳಿಗೆ ಇನ್ನು ಅಡ್ವಾನ್ಸ್ ಬುಕಿಂಗ್ ಇಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಗೋಣಿಕೊಪ್ಪಲು

ಗೋಣಿಕೊಪ್ಪ, ಪೊನ್ನಂಪೇಟೆ, ವಿರಾಜಪೇಟೆ, ಸಿದ್ದಾಪುರ ಕಡೆಯ ನಮ್ಮ ಎಲ್ಲಾ ಗ್ರಾಹಕರಿಗೆ ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಬರುವ ತಿಂಗಳ 1ರಿಂದ ನಮ್ಮ ವಿಡಿಯೋ ಗೇಮ್ ಅಂಗಡಿಯಲ್ಲಿ ದೊಡ್ಡ ಗೇಮ್‌ಗಳಿಗೆ, ಅಂದರೆ ದೊಡ್ಡ ಕಂಪನಿಗಳ ದುಬಾರಿ ಗೇಮ್‌ಗಳಿಗೆ, ಅಡ್ವಾನ್ಸ್ ಬುಕಿಂಗ್ ಇರುವುದಿಲ್ಲ. ರಿಲೀಸ್ ಆದ ದಿನವೇ ಡಿಸ್ಕ್ ತರಿಸಿ ಇಡುವುದನ್ನೂ ನಿಲ್ಲಿಸುತ್ತಿದ್ದೇವೆ. ಬೆಲೆ ಇಳಿದ ಮೇಲೆ ತರಿಸುತ್ತೇವೆ. ಅದಕ್ಕೆ ಆರು ತಿಂಗಳಾಗಬಹುದು, ವರ್ಷವೂ ಆಗಬಹುದು. ಹಳೇ ಡಿಸ್ಕ್ ಕೊಟ್ಟು ಬೇರೆ ತಗೊಂಡು ಹೋಗುವ ಎಕ್ಸ್‌ಚೇಂಜ್ ಹಾಗೇ ಇರುತ್ತದೆ. ಹಿಂದಿನ ರೂಮಿನಲ್ಲಿ ಗಂಟೆ ಲೆಕ್ಕದಲ್ಲಿ ಆಡುವವರಿಗೆ ರೇಟು ಬದಲಾಗಿಲ್ಲ.

"ಯಾಕಣ್ಣ, ಏನಾಯ್ತು?" ಅಂತ ಕೇಳುವವರು ಕೇಳೇ ಕೇಳುತ್ತಾರೆ. ಕೌಂಟರ್‌ನಲ್ಲಿ ನಿಂತು ಒಬ್ಬೊಬ್ಬರಿಗೂ ಹೇಳುವಷ್ಟು ಪುರುಸೊತ್ತು ಸಂತೆ ದಿನ ಇರುವುದಿಲ್ಲ. ಅದಕ್ಕೇ ಕೂತು ಬರೆದಿದ್ದೇವೆ. ಸ್ವಲ್ಪ ಉದ್ದ ಇದೆ.

ಮೊದಲು ನಮ್ಮ ಲೆಕ್ಕ. ಸೋನಿ ಕಂಪನಿಯ ಕನ್ಸೋಲ್ (ಟಿವಿಗೆ ಜೋಡಿಸಿ ಗೇಮ್ ಆಡುವ ಯಂತ್ರ) ಪ್ಲೇಸ್ಟೇಷನ್ 4ರ ಕಾಲದಲ್ಲಿ ಹೊಸ ದೊಡ್ಡ ಗೇಮ್ ಅಂದರೆ 3,999 ರೂಪಾಯಿ. ಪ್ಲೇಸ್ಟೇಷನ್ 5 ಬಂದ ಮೇಲೆ 4,999 ಆಯಿತು. ಅಮೆರಿಕದಲ್ಲೂ ಅದೇ ಕಥೆ. ವರ್ಷಗಟ್ಟಲೆ 60 ಡಾಲರ್ ಇದ್ದದ್ದು 2020ರಲ್ಲಿ 70ಕ್ಕೆ ಹೋಯಿತು. 2025ರಲ್ಲಿ ನಿಂಟೆಂಡೋ ತನ್ನ ಮಾರಿಯೋ ಕಾರ್ಟ್ ವರ್ಲ್ಡ್‌ಗೆ 80 ಡಾಲರ್ ಇಟ್ಟಿತು. ಇಷ್ಟು ಬೆಲೆಯ ಡಿಸ್ಕ್ ಮಾರಿದರೆ ನಮಗೆ ಚೆನ್ನಾಗಿ ಸಿಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಬಸ್ಸಿನಲ್ಲಿ ಬರುವ ಪಾರ್ಸೆಲ್ ಖರ್ಚು ಕಳೆದರೆ ಕೈಗೆ ಉಳಿಯುವುದು ಇನ್ನೂರು, ಜಾಸ್ತಿ ಅಂದರೆ ಮುನ್ನೂರು. ಮಾರಾಟವಾಗದ ಡಿಸ್ಕನ್ನು ಯಾರೂ ವಾಪಸ್ ತಗೊಳ್ಳುವುದಿಲ್ಲ. ಆರು ತಿಂಗಳು ಬಿಟ್ಟು ಅದೇ ಡಿಸ್ಕ್ ಆನ್‌ಲೈನ್ ಸೇಲ್‌ನಲ್ಲಿ ಅರ್ಧ ಬೆಲೆಗೆ ಬಂದರೆ, ಶೆಲ್ಫಿನಲ್ಲಿ ಉಳಿದ ಒಂದು ಡಿಸ್ಕ್ ಹತ್ತು ಡಿಸ್ಕಿನ ಲಾಭವನ್ನು ನುಂಗಿಬಿಡುತ್ತದೆ. ಎಷ್ಟು ಬೇಕು ಅಂತ ನಾವು ಮೊದಲೇ ಹೇಳಬೇಕು. ಆಗ ನಮ್ಮ ಕೈಯಲ್ಲಿ ಇರುವುದು ಎರಡು ನಿಮಿಷದ ಟ್ರೈಲರ್ ಮಾತ್ರ. ಆಟ ಹೇಗಿದೆ ಅಂತ ಯಾರಿಗೆ ಗೊತ್ತು?

ಹಾಗಾದರೆ ಆ ದುಡ್ಡೆಲ್ಲ ಎಲ್ಲಿಗೆ ಹೋಗುತ್ತದೆ? ಡಿಸ್ಕ್ ಬಿಟ್ಟು ಆನ್‌ಲೈನ್ ಸ್ಟೋರಿನಿಂದ ಡಿಜಿಟಲ್ ಆಗಿ ಕೊಂಡರೆ ಸಾಮಾನ್ಯವಾಗಿ ನೂರಕ್ಕೆ ಮೂವತ್ತು ಆ ಸ್ಟೋರ್ ನಡೆಸುವ ಕಂಪನಿಗೆ. ಉಳಿದದ್ದು ಗೇಮ್ ಮಾಡಿದವರಿಗೆ. ಅವರಿಗೂ ಅದು ಸಾಕಾಗುತ್ತಿಲ್ಲ ಅನ್ನುವುದೇ ಈಗಿನ ವಿಚಿತ್ರ.

ಈ ಕಂಪನಿಗಳು ಖರ್ಚಿನ ಲೆಕ್ಕವನ್ನು ಯಾರಿಗೂ ತೋರಿಸುವುದಿಲ್ಲ. ಆದರೂ ಒಮ್ಮೊಮ್ಮೆ ಅದು ಹೊರಗೆ ಬೀಳುತ್ತದೆ. ಜೂನ್ 2023ರಲ್ಲಿ ಅಮೆರಿಕದ ಒಂದು ಕೋರ್ಟಿನಲ್ಲಿ ಮೈಕ್ರೋಸಾಫ್ಟ್ ಮೇಲಿನ ಕೇಸು ನಡೆಯುತ್ತಿತ್ತು. ಅಲ್ಲಿಗೆ ಸೋನಿಯ ಕೆಲವು ಕಾಗದಗಳು ಬಂದವು. ಗುಟ್ಟಿನ ಅಂಕಿಗಳ ಮೇಲೆ ಯಾರೋ ಕಪ್ಪು ಮಾರ್ಕರ್ ಎಳೆದು ಸ್ಕ್ಯಾನ್ ಮಾಡಿದ್ದರು. ಸ್ಕ್ಯಾನ್‌ನಲ್ಲಿ ಮಾರ್ಕರ್ ಅಡಿಯ ಅಕ್ಷರಗಳು ಕಾಣುತ್ತಿದ್ದವು! ಹಾಗೆ ಗೊತ್ತಾದದ್ದು: ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2 ಮಾಡಲು 22 ಕೋಟಿ ಡಾಲರ್. ಹೊರೈಜನ್ ಫರ್ಬಿಡನ್ ವೆಸ್ಟ್‌ಗೆ 21.2 ಕೋಟಿ ಡಾಲರ್, 300 ಜನ, 5 ವರ್ಷ. ನಮ್ಮ ದುಡ್ಡಿನಲ್ಲಿ ಒಂದೊಂದಕ್ಕೂ 1,700 ಕೋಟಿ ರೂಪಾಯಿಗಿಂತ ಮೇಲೆ.

ಕೇಳಿದರೆ ತಲೆ ತಿರುಗುತ್ತದೆ. ಆದರೆ ಲೆಕ್ಕ ಹಾಕಿದರೆ ಸರಿಯಾಗಿಯೇ ಬರುತ್ತದೆ. ಅಮೆರಿಕ, ಯುರೋಪಿನ ಸ್ಟುಡಿಯೋಗಳಲ್ಲಿ ಸಂಬಳ, ಆಫೀಸು, ಕಂಪ್ಯೂಟರ್ ಎಲ್ಲ ಸೇರಿ ಒಬ್ಬರಿಗೆ ತಿಂಗಳಿಗೆ 10,000 ಡಾಲರ್ ಅಂತ ಹಿಡಿಯುವುದು ಹಳೇ ರೂಢಿ. ಈಗ ಅದಕ್ಕಿಂತ ಜಾಸ್ತಿಯೇ ಆಗುತ್ತದೆ. 300 ಜನ, 60 ತಿಂಗಳು, ತಲೆಗೆ 10,000. ಒಟ್ಟು 18 ಕೋಟಿ ಡಾಲರ್. ಐದೂ ವರ್ಷ ಅಷ್ಟೂ ಜನ ಇರುವುದಿಲ್ಲ, ನಿಜ. ಆದರೆ ದನಿ ಕೊಡುವವರು, ಸಂಗೀತ, ಹೊರಗಿನ ಸ್ಟುಡಿಯೋಗಳ ಬಿಲ್ಲು ಬೇರೆ ಇರುತ್ತದೆ. ಅಂದರೆ ದೊಡ್ಡ ಗೇಮ್‌ನ ಖರ್ಚು ಬಹುಪಾಲು ಸಂಬಳ. ಯಂತ್ರ ಅಲ್ಲ, ಡಿಸ್ಕ್ ಅಲ್ಲ.

ಅಷ್ಟೊಂದು ಜನ ಏನು ಮಾಡುತ್ತಾರೆ ಅಂತ ನಮಗೂ ಕುತೂಹಲ ಇತ್ತು. ಗೇಮ್‌ನಲ್ಲಿ ನೀವು ಓಡುತ್ತಾ ದಾಟಿ ಹೋಗುವ ಪಾಚಿ ಹಿಡಿದ ಒಂದು ಗೋಡೆಯನ್ನೇ ನೋಡಿ. ಮೊದಲು ಒಬ್ಬರು ಅದನ್ನು ಕಾಗದದ ಮೇಲೆ ಬಿಡಿಸಬೇಕು. ಇನ್ನೊಬ್ಬರು ಅದಕ್ಕೆ ಆಕಾರ ಕೊಡಬೇಕು. ಕಲ್ಲಿನ ಒರಟು, ಪಾಚಿಯ ಬಣ್ಣ ಕೂರಿಸುವವರು ಬೇರೆ. ಮಳೆ ಬಂದಾಗ ಅದು ಒದ್ದೆಯಾಗಿ ಹೊಳೆಯಬೇಕು. ಟಾರ್ಚ್ ಬಿಟ್ಟರೆ ನೆರಳು ಬೀಳಬೇಕು. ಗುಂಡು ಹೊಡೆದರೆ ಚೂರು ಹಾರಬೇಕು, ಸದ್ದು ಕಲ್ಲಿನ ಸದ್ದೇ ಆಗಿರಬೇಕು. ಆಮೇಲೆ ಟೆಸ್ಟಿಂಗ್‌ನವರು ಸುಮ್ನೆ ಆ ಗೋಡೆಗೆ ನೂರು ಸಲ ಡಿಕ್ಕಿ ಹೊಡೆದು, ಯಾರಾದರೂ ಅದರೊಳಗೆ ಸಿಕ್ಕಿಹಾಕಿಕೊಳ್ಳುತ್ತಾರಾ ಅಂತ ನೋಡಬೇಕು. ಪ್ಲೇಸ್ಟೇಷನ್ 2ರ ಕಾಲದಲ್ಲಿ ಆ ಗೋಡೆ ಒಂದು ಚಪ್ಪಟೆ ಚಿತ್ರ. ಈಗ 4ಕೆ ಟಿವಿಯಲ್ಲಿ ಹತ್ತಿರ ಹೋಗಿ ನೋಡುವವರು ನಾವೇ, ಅಲ್ವಾ?

ಈ ಕೆಲಸದಲ್ಲಿ ಒಂದಿಷ್ಟು ನಮ್ಮ ಬೆಂಗಳೂರಿನಲ್ಲೂ ನಡೆಯುತ್ತದೆ. ಧ್ರುವ ಇಂಟರಾಕ್ಟಿವ್ ಅಂತ 1997ರಲ್ಲಿ ಅಲ್ಲಿ ಶುರುವಾದ ಸ್ಟುಡಿಯೋ ಹೊರದೇಶದ ದೊಡ್ಡ ಗೇಮ್‌ಗಳಿಗೆ ಕೆಲಸ ಮಾಡಿಕೊಡುತ್ತಿತ್ತು. 2019ರಲ್ಲಿ ಜಿಟಿಎ (ಗ್ರ್ಯಾಂಡ್ ಥೆಫ್ಟ್ ಆಟೋ) ಗೇಮ್ ಮಾಡುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡುಕೊಂಡಿತು. ಕಾಲೇಜು ಮುಗಿಸಿ "ಗೇಮ್ ಕಂಪನಿಗೆ ಹೋಗಬೇಕು" ಅನ್ನುವ ಹುಡುಗ ಹುಡುಗಿಯರು ಇದನ್ನು ತಿಳಿದಿರಲಿ.

ಇಷ್ಟು ಗೇಮ್ ಮಾಡುವ ಖರ್ಚು. ಅದನ್ನು ನಿಮಗೆ ಗೊತ್ತು ಮಾಡಿಸುವ ಖರ್ಚು ಬೇರೆ. ನಮಗೆ ಸಿಟ್ಟು ಬರುವುದು ಇಲ್ಲಿ.

2009ರ ಕಾಲ್ ಆಫ್ ಡ್ಯೂಟಿ ಮಾಡರ್ನ್ ವಾರ್‌ಫೇರ್ 2 ನೆನಪಿದೆಯಾ? ಅದನ್ನು ಮಾಡಲು 4ರಿಂದ 5 ಕೋಟಿ ಡಾಲರ್ ಆಯಿತು, ಪ್ರಚಾರ, ಡಿಸ್ಕ್, ಸಾಗಣೆ ಎಲ್ಲ ಸೇರಿ 20 ಕೋಟಿ ಆಯಿತು ಅಂತ ಆಗ ಅಮೆರಿಕದ ಪತ್ರಿಕೆಯಲ್ಲಿ ಬಂದಿತ್ತು. ಅಂದರೆ ಆಟಕ್ಕೆ ಒಂದು ಪಾಲು, ಅಂಗಡಿಗೆ ತಲುಪಿಸಿ ಸದ್ದು ಮಾಡುವುದಕ್ಕೆ ಮೂರು ಪಾಲು. 2020ರ ಸೈಬರ್‌ಪಂಕ್ 2077ಗೆ ತಯಾರಿಕೆ 17.4 ಕೋಟಿ ಡಾಲರ್, ಪ್ರಚಾರ 14.2 ಕೋಟಿ. 2023ರಲ್ಲಿ, ಕಂಪನಿಗಳ ಪೈಪೋಟಿ ನೋಡಿಕೊಳ್ಳುವ ಬ್ರಿಟನ್ನಿನ ಸ್ಪರ್ಧಾ ಪ್ರಾಧಿಕಾರದ ವರದಿಯಲ್ಲಿ ಇನ್ನೂ ದೊಡ್ಡ ಅಂಕಿ ಇದೆ. ಗೇಮ್‌ಗಳನ್ನು ಹೊರತಂದು ಮಾರುವ ಒಬ್ಬ ಪ್ರಕಾಶಕರು ತಮ್ಮ ಒಂದು ದೊಡ್ಡ ಗೇಮ್ ಸರಣಿಗೆ ತಯಾರಿಕೆ 66 ಕೋಟಿ, ಪ್ರಚಾರ 55 ಕೋಟಿ ಡಾಲರ್ ಹತ್ತಿರ ಅಂತ ಅಲ್ಲಿ ಹೇಳಿಕೊಂಡಿದ್ದಾರೆ. ಟಿವಿ ಜಾಹೀರಾತು, ಸಿನಿಮಾದಂಥ ಟ್ರೈಲರ್, ಯೂಟ್ಯೂಬ್‌ನವರಿಗೆ ಕೊಡುವ ದುಡ್ಡು, ಪೇಟೆ ತುಂಬ ಹೋರ್ಡಿಂಗ್. ನಮ್ಮ ಕಡೆಯ ಹುಡುಗರು ಹೆಸರು ಹೇಳಿ "ಬಂತಾ ಅಣ್ಣ, ಬಂತಾ ಅಣ್ಣ" ಅಂತ ದಿನಾ ಕೇಳುವ ಹಾಗೆ ಮಾಡುವುದೇ ಅದರ ಉದ್ದೇಶ. ಅಡ್ವಾನ್ಸ್ ಬುಕಿಂಗ್ ಆ ಸದ್ದಿನ ಕೊನೆಯ ಮೆಟ್ಟಿಲು. ಅದನ್ನು ಹತ್ತಿಸುವ ಕೆಲಸ ನಮಗೆ ಬೇಡ.

ಯಾಕೆ ಇಷ್ಟು ಅವಸರ ಅಂದರೆ, ಅವರ ಖರ್ಚೆಲ್ಲ ಮೊದಲೇ ಆಗಿಹೋಗಿರುತ್ತದೆ. ಕಾಫಿ ತೋಟದವರಿಗೆ ಇದು ಅರ್ಥವಾಗುತ್ತದೆ. ಗೊಬ್ಬರ, ಕಸಿ, ಆಳಿನ ಕೂಲಿ ಎಲ್ಲ ಮೊದಲು, ಕಾಫಿ ಹೂ ಅರಳಿಸುವ ಹೂಮಳೆ ಬಂದರೆ ಬಂತು, ರೇಟು ಲಂಡನ್‌ನಲ್ಲಿ ತೀರ್ಮಾನ. ಆದರೆ ಕಾಫಿಗೆ ಮುಂದಿನ ವರ್ಷ ಅನ್ನುವುದು ಇದೆ, ಗೋದಾಮಿನಲ್ಲಿ ಇಟ್ಟು ಕಾಯಲೂಬಹುದು. ಐದು ವರ್ಷ ಮಾಡಿದ ಗೇಮ್‌ನ ಹಣೆಬರಹ ಮೊದಲ ಕೆಲವು ವಾರಗಳಲ್ಲೇ ಗೊತ್ತಾಗಿಬಿಡುತ್ತದೆ.

ಸ್ಪೈಡರ್‌ಮ್ಯಾನ್ 2 ಗೇಮ್‌ನ ಕಥೆ ಕೇಳಿ. ಡಿಸೆಂಬರ್ 2023ರಲ್ಲಿ ಹ್ಯಾಕರ್‌ಗಳು ಅದನ್ನು ಮಾಡಿದ ಸ್ಟುಡಿಯೋದ ಕಾಗದಗಳನ್ನು ಕದ್ದು ಹೊರಗೆ ಬಿಟ್ಟರು. ಖರ್ಚು ಸುಮಾರು 30 ಕೋಟಿ ಡಾಲರ್, ನಮ್ಮ 2,500 ಕೋಟಿ ರೂಪಾಯಿ. ಹಾಕಿದ ದುಡ್ಡು ವಾಪಸ್ ಬರಬೇಕಾದರೆ ಪೂರ್ತಿ ಬೆಲೆಗೆ 72 ಲಕ್ಷ ಪ್ರತಿ ಮಾರಬೇಕು ಅಂತ ಅದರಲ್ಲಿತ್ತು. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5 ಲಕ್ಷ 54 ಸಾವಿರ. ತೊಟ್ಟಿಲ ಮಗುವಿನಿಂದ ಹಿಡಿದು ಅಜ್ಜಿಯವರೆಗೆ ಒಬ್ಬೊಬ್ಬರೂ 13 ಡಿಸ್ಕ್ ಕೊಂಡರೆ ಆಗ ಅವರಿಗೆ ಅಸಲು! ಅದು ಗೆದ್ದಿತು ಬಿಡಿ, ಏಪ್ರಿಲ್ 2024ರ ಹೊತ್ತಿಗೆ 1.1 ಕೋಟಿ ಪ್ರತಿ ದಾಟಿತ್ತು.

ಸೋತದ್ದೂ ಇದೆ. ಸೋನಿಯ ಕಾನ್ಕಾರ್ಡ್ ಅನ್ನುವ ಆನ್‌ಲೈನ್ ಗೇಮ್ ಆಗಸ್ಟ್ 23, 2024ರಂದು ಬಂತು. ಸೆಪ್ಟೆಂಬರ್ 6ಕ್ಕೆ ಮುಚ್ಚಿತು. ಎರಡೇ ವಾರ. ಕೊಂಡವರಿಗೆ ದುಡ್ಡು ವಾಪಸ್ ಕೊಟ್ಟರು. ಅಕ್ಟೋಬರ್‌ನಲ್ಲಿ ಸ್ಟುಡಿಯೋವನ್ನೇ ಮುಚ್ಚುವುದಾಗಿ ಹೇಳಿದರು.

ಸೈಬರ್‌ಪಂಕ್‌ನದು ಇನ್ನೊಂದು ತರಹ. ಡಿಸೆಂಬರ್ 10, 2020ಕ್ಕೆ ಬಿಡುಗಡೆಯಾದಾಗ ಹಳೇ ಕನ್ಸೋಲ್‌ಗಳಲ್ಲಿ ಅದು ಆಡುವ ಸ್ಥಿತಿಯಲ್ಲೇ ಇರಲಿಲ್ಲ. ಸೋನಿ ಅದನ್ನು ತನ್ನ ಸ್ಟೋರಿನಿಂದಲೇ ತೆಗೆದು ಹಾಕಿ, ಮುಂದಿನ ಜೂನ್‌ವರೆಗೆ ಹಾಗೇ ಇಟ್ಟಿತು. ಆಮೇಲೆ ತಿದ್ದುತ್ತಾ ತಿದ್ದುತ್ತಾ 2023ರ ಹೊತ್ತಿಗೆ ಒಳ್ಳೇ ಆಟ ಆಯಿತು, ಬೆಲೆಯೂ ಇಳಿದಿತ್ತು. ಮೊದಲ ದಿನ ಕೊಂಡವರಿಗೆ ಪೂರ್ತಿ ಬೆಲೆಗೆ ಅರೆಬೆಂದದ್ದು, ಕಾದವರಿಗೆ ಕಡಿಮೆ ಬೆಲೆಗೆ ಬೆಂದದ್ದು. ನಮ್ಮ ಹೊಸ ಪದ್ಧತಿಗೆ ಇದಕ್ಕಿಂತ ಬೇರೆ ಕಾರಣ ಬೇಕಾಗಿಲ್ಲ.

ಶೆಲ್ಫಿನಲ್ಲಿ ಖಾಲಿಯಾಗುವ ಜಾಗಕ್ಕೆ ಸಣ್ಣ ಗೇಮ್‌ಗಳನ್ನು ತರುತ್ತಿದ್ದೇವೆ. ಸ್ಟಾರ್‌ಡ್ಯೂ ವ್ಯಾಲಿಯನ್ನು ಎರಿಕ್ ಬ್ಯಾರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕು ವರ್ಷಕ್ಕೂ ಮೇಲೆ ಕೂತು ಮಾಡಿ 2016ರಲ್ಲಿ ಬಿಟ್ಟ. ಚಿತ್ರ, ಸಂಗೀತ, ಕೋಡ್ ಎಲ್ಲ ಅವನದೇ. 2024ರ ಕೊನೆಗೆ 4 ಕೋಟಿ ಪ್ರತಿ ದಾಟಿದೆ. ಬೇಸಾಯದ ಆಟ. "ನಮಗೆ ತೋಟದ ಕೆಲಸ ಸಾಲದಾ?" ಅಂತ ಮೊದಲು ನಕ್ಕವರೇ ಈಗ ಹಿಂದಿನ ರೂಮಿನಿಂದ ಏಳುವುದಿಲ್ಲ. ಪುಣೆಯ ನಾಡಿಂಗ್ ಹೆಡ್ಸ್‌ನವರ ರಾಜಿ ಇದೆ, ನಮ್ಮ ಪುರಾಣದ ರಾಕ್ಷಸರ ಜೊತೆ ಹೋರಾಡುವ ಹುಡುಗಿಯ ಆಟ. 2025ರಲ್ಲಿ ಬಂದ ಎಕ್ಸ್‌ಪೆಡಿಷನ್ 33ಗೆ ಫ್ರಾನ್ಸಿನ ಮೂವತ್ತು ಜನರ ಹತ್ತಿರದ ಮುಖ್ಯ ತಂಡ. ಹೊರಗಿನವರ ಸಹಾಯವೂ ಇತ್ತು, ಆದರೂ ನೋಡಿದರೆ ದೊಡ್ಡ ಕಂಪನಿಯ ಆಟಕ್ಕಿಂತ ಕಮ್ಮಿ ಅನಿಸುವುದಿಲ್ಲ. ಬಂದು ಹತ್ತು ನಿಮಿಷ ಆಡಿ ನೋಡಿ, ಅದಕ್ಕೆ ದುಡ್ಡಿಲ್ಲ.

ಡಬ್ಬಿ ಒಳಗೆ ಡಿಸ್ಕ್ ಬದಲು ನೆಟ್‌ನಿಂದ ಇಳಿಸಿಕೊಳ್ಳುವ ಕೋಡ್ ಮಾತ್ರ ಇಟ್ಟು ಮಾರುವ ಗೇಮ್‌ಗಳನ್ನು ನಾವು ಇಡುವುದಿಲ್ಲ. ಒಮ್ಮೆ ಕೋಡ್ ಹಾಕಿದರೆ ಅದನ್ನು ಎಕ್ಸ್‌ಚೇಂಜ್ ಮಾಡಲು ಬರುವುದಿಲ್ಲ. ನೂರು ಜಿಬಿ ದಾಟುವ ಗೇಮ್ ಇಳಿಸಿಕೊಳ್ಳಲು ಮಳೆಗಾಲದಲ್ಲಿ ನಮ್ಮ ಕಡೆ ನೆಟ್ ಎಲ್ಲಿ ಬರುತ್ತದೆ, ಕರೆಂಟ್ ಎಲ್ಲಿ ಇರುತ್ತದೆ?

ಇನ್ನು ಎಲ್ಲರೂ ಕೇಳುವ ಜಿಟಿಎ 6. ನವೆಂಬರ್ 19, 2026 ಅಂತ ಕಂಪನಿ ಹೇಳಿತ್ತು. ಎರಡು ಸಲ ಮುಂದೂಡಿದ ಮೇಲೆ ಕೊಟ್ಟ ತಾರೀಖು ಅದು. ಅದೊಂದಕ್ಕೆ ಮಾತ್ರ ನಿಯಮ ಸಡಿಲ ಮಾಡಿದ್ದೇವೆ, ಇಲ್ಲದಿದ್ದರೆ ನಮ್ಮನ್ನು ನೀವು ಬಿಡುವುದಿಲ್ಲ. ಹೆಸರು ಬರೆಸಿ, ಅಡ್ವಾನ್ಸ್ ಬೇಡ. ಡಿಸ್ಕ್ ನಮ್ಮ ಕೈಗೆ ಬಂದ ಮೇಲೆ ಫೋನ್ ಮಾಡುತ್ತೇವೆ.

ಬೇರೆ ಗೇಮ್‌ಗಳಿಗೆ ಈಗಾಗಲೇ ಅಡ್ವಾನ್ಸ್ ಕೊಟ್ಟವರು ಗಾಬರಿಯಾಗಬೇಡಿ. ಒಪ್ಪಿಕೊಂಡದ್ದನ್ನು ಒಪ್ಪಿಕೊಂಡ ಬೆಲೆಗೇ ತರಿಸಿ ಕೊಡುತ್ತೇವೆ. ಬೇಡ ಅನ್ನುವವರಿಗೆ ಪೂರ್ತಿ ದುಡ್ಡು ವಾಪಸ್. ಚೀಟಿ ಕಳೆದಿದ್ದರೂ ಪರವಾಗಿಲ್ಲ, ಪುಸ್ತಕದಲ್ಲಿ ನಿಮ್ಮ ಹೆಸರಿದೆ. ಮಕ್ಕಳ ಹೆಸರಿನಲ್ಲಿ ಬರೆಸಿದ್ದರೆ ಅಪ್ಪನೋ ಅಮ್ಮನೋ ಜೊತೆಗೆ ಬರಲಿ. ಸಂತೆ ದಿನ ಬಿಟ್ಟು ಬೇರೆ ದಿನ ಬಂದರೆ ಬೇಗ ಕೆಲಸ ಆಗುತ್ತದೆ.

ಇಂತಿ ನಿಮ್ಮ,
ಗೇಮ್ ಅಂಗಡಿಯವರು