ಆಟ ಕಟ್ಟಲು ಹೊರಟ ಅಳಿಯನಿಗೆ

ನೀರ್ಚಾಲು, ಕಾಸರಗೋಡು

ಚಿ. ಶ್ರೀಶನಿಗೆ ಮಾವನ ಆಶೀರ್ವಾದಗಳು.

ಓದು ಮುಗಿದ ಮೇಲೆ ವಿಡಿಯೋ ಗೇಮ್ ತಯಾರಿಸುವ ಕೆಲಸಕ್ಕೇ ಸೇರುತ್ತೇನೆಂದು ನೀನು ಹಟ ಹಿಡಿದಿರುವುದನ್ನು ಅಕ್ಕ ಫೋನಿನಲ್ಲಿ ಹೇಳಿದಳು. ಸೇರು, ನಾನು ನಿನ್ನ ಪರ. ಅದಕ್ಕೆ ಮೊದಲು ‘ಡೂಮ್’, ‘ಕ್ವೇಕ್’ನಂಥ ಹಳೆಯ ಶೂಟಿಂಗ್ ಆಟಗಳನ್ನು ಮನಸ್ಸಿಟ್ಟು ಆಡು. ಆಡಿದ ಮೇಲೆ ಬಿಚ್ಚಿ ನೋಡು.

1993ರ ಡಿಸೆಂಬರಿನಲ್ಲಿ ಬಂದ ‘ಡೂಮ್’ನ ಮೊದಲ ಹಂತವನ್ನು ರೂಪಿಸಿದವರು ಜಾನ್ ರೊಮೆರೊ. ಆಟ ಶುರುವಾಗುವ ಕೋಣೆಯ ಕಿಟಕಿಯಿಂದ ಹೊರಗಿನ ಅಂಗಳದಲ್ಲಿ ನೀಲಿ ಕವಚವೊಂದು ಕಾಣುತ್ತದೆ. ಕಿಟಕಿ ದಾಟಲು ಆಗುವುದಿಲ್ಲ. ಮುಂದೆಲ್ಲೋ ಗೋಡೆಯಂತೆಯೇ ಇರುವ ಗುಟ್ಟಿನ ಬಾಗಿಲು ಸಿಕ್ಕಿದರೆ ಮಾತ್ರ ಅಲ್ಲಿಗೆ ದಾರಿ. ಒಂದಕ್ಷರ ಬರೆಯದೆ ಆಟಗಾರನನ್ನು ಹುಡುಕಾಟಕ್ಕೆ ಹಚ್ಚಿದ ಆ ಜಾಣ್ಮೆಗೆ ನಾನು ಇಂದಿಗೂ ತಲೆಬಾಗುತ್ತೇನೆ. ಆಗಿನ ಆಟಗಳಲ್ಲಿ ಪೆಟ್ಟು ತಿಂದು ಕಳೆದುಕೊಂಡ ಆರೋಗ್ಯ ತಾನಾಗಿ ಮರಳುತ್ತಿರಲಿಲ್ಲ. ಔಷಧದ ಪೆಟ್ಟಿಗೆ ಅರಸಿ ಮೂಲೆಮೂಲೆ ಜಾಲಾಡಬೇಕಿತ್ತು. 2001ರ ‘ಹೇಲೋ’ದಲ್ಲಿ ರಕ್ಷಾಕವಚ ತಾನೇ ತುಂಬಿಕೊಳ್ಳತೊಡಗಿತು. 2005ರ ‘ಕಾಲ್ ಆಫ್ ಡ್ಯೂಟಿ 2’ರಲ್ಲಂತೂ ಮರೆಯಲ್ಲಿ ಕುಳಿತರೆ ಸಾಕು, ಗಾಯ ಮಾಯುತ್ತಿತ್ತು. ಟಿವಿಗೆ ಜೋಡಿಸುವ ಕನ್ಸೋಲಿನಲ್ಲಿ ಆಡುವವರಿಗೆ ಅದು ಒಗ್ಗಿತು, ಒಪ್ಪುತ್ತೇನೆ. ಆದರೆ ಹುಡುಕಬೇಕಾದ ಅಗತ್ಯವೇ ಇಲ್ಲದಾದಾಗ ಎಷ್ಟೋ ಆಟಗಳ ಹಂತಗಳು ನೇರ ಓಣಿಗಳಾಗಿಬಿಟ್ಟವು.

ಇದಕ್ಕಿಂತ ದೊಡ್ಡ ನಷ್ಟ ಬೇರೆ ಇದೆ. ಕಾಸರಗೋಡು ಪೇಟೆಯ ತರಬೇತಿ ಕೇಂದ್ರವೊಂದರಲ್ಲಿ ತರಗತಿ ಮುಗಿದ ಮೇಲೆ ನಾವು ಕಂಪ್ಯೂಟರುಗಳನ್ನು ಕೇಬಲಿನಿಂದ ಜೋಡಿಸಿ ‘ಕೌಂಟರ್ ಸ್ಟ್ರೈಕ್’ ಆಡುತ್ತಿದ್ದೆವು. ಕನ್ನಡ, ತುಳು, ಮಲಯಾಳ ಮೂರರಲ್ಲೂ ಕೂಗಾಟ. ಆಟಿ ತಿಂಗಳ ಮಳೆಗೆ ಟೆಲಿಫೋನ್ ಸತ್ತು ಇಂಟರ್ನೆಟ್ ಹೋದರೂ ಆಟ ನಿಲ್ಲುತ್ತಿರಲಿಲ್ಲ, ಏಕೆಂದರೆ ಎಲ್ಲರ ಆಟವನ್ನು ನಡೆಸುವ ಕಂಪ್ಯೂಟರ್, ಅಂದರೆ ಸರ್ವರ್, ಅದೇ ಕೋಣೆಯಲ್ಲಿತ್ತು. 2009ರ ‘ಮಾಡರ್ನ್ ವಾರ್‌ಫೇರ್ 2’ರ ಕಂಪ್ಯೂಟರ್ ಆವೃತ್ತಿಯಲ್ಲಿ ಆಟಗಾರರು ಸ್ವಂತ ಸರ್ವರ್ ನಡೆಸುವ ಅವಕಾಶವನ್ನೇ ಕೊಡಲಿಲ್ಲ. ಎಲ್ಲವೂ ಕಂಪನಿಯ ಸರ್ವರಿನಲ್ಲೇ ನಡೆಯುವ ಆಟವಾದರೆ, ಅವರು ಅದನ್ನು ಮುಚ್ಚಿದ ದಿನ ನೀನು ದುಡ್ಡು ಕೊಟ್ಟು ಕೊಂಡದ್ದೂ ಮಣ್ಣುಪಾಲು. ಶೂಟಿಂಗ್ ಆಟಗಳ ಅವನತಿ ಎಂದು ನಾನು ಕರೆಯುವುದು ಇದನ್ನೇ.

‘ಡೂಮ್’ನ ಚಿತ್ರ, ಸದ್ದು, ನಕ್ಷೆಗಳು ಎಂಜಿನ್ನಿನಿಂದ, ಅಂದರೆ ಆಟವನ್ನು ನಡೆಸುವ ಮೂಲ ತಂತ್ರಾಂಶದಿಂದ, ಪ್ರತ್ಯೇಕವಾಗಿ ‘ವ್ಯಾಡ್’ ಎಂಬ ಕಡತದಲ್ಲಿದ್ದವು. ಹಾಗಾಗಿ ಯಾರು ಬೇಕಾದರೂ ಹೊಸ ಹಂತ ಕಟ್ಟಬಹುದಿತ್ತು. 1997ರಲ್ಲಿ ‘ಡೂಮ್’ನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಅದರ ಸೋರ್ಸ್ ಕೋಡನ್ನೇ, ಅಂದರೆ ಪ್ರೋಗ್ರಾಮಿನ ಮೂಲ ಬರಹವನ್ನೇ, ಬಹಿರಂಗಪಡಿಸಿದರು. ‘ಕ್ವೇಕ್’ ಎಂಜಿನ್ನನ್ನು ಪರವಾನಗಿ ಪಡೆದು ತಿದ್ದಿ ವಾಲ್ವ್ ಸಂಸ್ಥೆ 1998ರಲ್ಲಿ ‘ಹಾಫ್ ಲೈಫ್’ ತಂದಿತು. ಅದರ ಮೇಲೆ ಮಿನ್ ಲೆ, ಜೆಸ್ ಕ್ಲಿಫ್ ಎಂಬ ಇಬ್ಬರು ತರುಣರು ಹವ್ಯಾಸವಾಗಿ ಕಟ್ಟಿದ್ದೇ ‘ಕೌಂಟರ್ ಸ್ಟ್ರೈಕ್’. ಅವರಿಗೆ ಬಾಗಿಲು ತೆರೆದಿತ್ತು. ನಿನ್ನ ಆಟದಲ್ಲೂ ನಿನ್ನ ನಂತರದವರಿಗೆ ಹಾಗೆಯೇ ತೆರೆದಿಡು. ಕನಿಷ್ಠ ಪಕ್ಷ ನಕ್ಷೆ ಕಟ್ಟುವ ಸಲಕರಣೆಯನ್ನು, ಸ್ವಂತ ಸರ್ವರಿನ ಸೌಕರ್ಯವನ್ನು ಕೊಡು. ಕೆಲಸ ಕೊಟ್ಟವರು ಬೇಡವೆಂದರೆ ವಾದಿಸು.

ಈ ರಜೆಯಲ್ಲಿ ದೊಡ್ಡ ಎಂಜಿನ್ನುಗಳ ಗೋಜಿಗೆ ಹೋಗಬೇಡ. ‘ಡೂಮ್’ನ ಕೋಡ್ ಮುಕ್ತವಾಗಿದ್ದರೂ ಅದರ ಮೂಲ ಚಿತ್ರ, ನಕ್ಷೆಗಳು ಮುಕ್ತವಲ್ಲ, ಆದ್ದರಿಂದ ಅವುಗಳ ಬದಲಿಗೆ ಮುಕ್ತ ಚಿತ್ರ, ನಕ್ಷೆಗಳನ್ನು ಕೊಡುವ ‘ಫ್ರೀಡೂಮ್’ ಇಳಿಸಿಕೊಂಡು ಒಂದೇ ಒಂದು ಹಂತ ಕಟ್ಟು. ನಾಲ್ಕು ಕೋಣೆ ಸಾಕು. ಸಿದ್ಧವಾದ ಮೇಲೆ ಕಡತ ಕಳುಹಿಸು, ಆಡಿ ನೋಡಿ ತಪ್ಪುಒಪ್ಪು ಬರೆಯುತ್ತೇನೆ. ಗುಟ್ಟಿನ ಬಾಗಿಲು ಎಲ್ಲಿದೆಯೆಂದು ಮಾತ್ರ ಮೊದಲೇ ಹೇಳಬೇಡ.

ಇತಿ,
ನಿನ್ನ ಸೋದರಮಾವ