ಕಾನೋದಿಂದ ಅಮ್ಮ ಅಪ್ಪಾಜಿಗೆ

ಅಪ್ಪಾಜಿ, ಅಮ್ಮ, ಇಬ್ಬರಿಗೂ ನಮಸ್ಕಾರ.

ನಾನು ಆರಾಮಾಗಿದೀನಿ. ಮೊನ್ನೆ ಫೋನಲ್ಲಿ ಅಮ್ಮ ಅಳ್ತಿದ್ದಿದ್ದು ಬಿಟ್ರೆ ಬೇರೇನೂ ಸರಿಯಾಗಿ ಕೇಳಿಸ್ಲಿಲ್ಲ, ಅದಕ್ಕೇ ಉದ್ದಕ್ಕೆ ಬರೀತಿದೀನಿ, ತಮ್ಮ ಓದಿ ಹೇಳ್ಲಿ. ಮಾವ ಫ್ಯಾಮಿಲಿ ಗ್ರೂಪಿಗೆ ಹಾಕಿದ ಬೊಕೊ ಹರಾಮ್ ಉಗ್ರರ ದಾಳಿಯ ವಿಡಿಯೋ ನಾನೂ ನೋಡಿದೆ. ಅದು ನೈಜೀರಿಯಾದ ಬೊರ್ನೊ ರಾಜ್ಯದ ಮೈದುಗುರಿ ಕಡೇದು, ನಾನಿರೋದು ಇದೇ ದೇಶದ ಕಾನೋ, ಮಧ್ಯ ಐನೂರು ಕಿಲೋಮೀಟರ್ ಮೇಲಿದೆ. ದಾವಣಗೆರೆಯಿಂದ ಪುಣೆಗೆ ಹೋದಷ್ಟು ದೂರ ಅಂದ್ಕೊಳ್ಳಿ. ಹಂಗಂತ ಕಾನೋದಲ್ಲಿ ಏನೂ ಆಗೇ ಇಲ್ಲ ಅಂತ ಸುಳ್ಳು ಹೇಳಲ್ಲ. 2012ರ ಜನವರಿಯಲ್ಲಿ ಒಂದೇ ದಿನ ಪೊಲೀಸ್ ಠಾಣೆಗಳ ಮೇಲೆ ಬಾಂಬ್ ಹಾಕಿ 180ಕ್ಕೂ ಹೆಚ್ಚು ಜನರನ್ನ ಕೊಂದಿದ್ರು, 2013ರಲ್ಲಿ ಪೋಲಿಯೋ ಹನಿ ಹಾಕೋಕೆ ಹೊರಟಿದ್ದ ಒಂಬತ್ತು ಹೆಣ್ಣುಮಕ್ಕಳನ್ನ ಗುಂಡಿಟ್ಟು ಕೊಂದ್ರು. ಇಲ್ಲಿ ಬಾಡಿಗೆ ಬೈಕಲ್ಲಿ ಜನ ಹತ್ತಿಸೋ ಹಾಗಿಲ್ಲ, ಬೈಕಲ್ಲಿ ಬಂದು ಹೊಡೆದು ಹೋಗ್ತಿದ್ರು ಅಂತ ಅದೇ ವರ್ಷ ಬಂದ್ ಮಾಡಿದ್ದು. ಈಗ ಎಲ್ಲ ಕಡೆ ನಮ್ಮೂರಿನಂಥದೇ ಆಟೋ, ಹಳದಿ ಬಣ್ಣದ್ದು, ನಾನೂ ಅದ್ರಲ್ಲೇ ಓಡಾಡೋದು.

ಮಾವ ವಿಡಿಯೋ ಕೆಳಗೆ ಮುಸ್ಲಿಮರನ್ನೆಲ್ಲ ಸೇರಿಸಿ 'ಆ ಜನಾನೇ ಹಂಗೆ' ಅಂತ ಬರೆದಿದಾರಲ್ಲ, ಅದು ನನಗೆ ಹಿಡಿಸ್ಲಿಲ್ಲ. ಈ ಗುಂಪು ಹುಟ್ಟಿದ್ದು ಹೆಂಗೆ ಅಂತ ಇಲ್ಲಿಯೋರೇ ಹೇಳ್ತಾರೆ, ಕೇಳಿ.

2002ರ ಸುಮಾರಿಗೆ ಮೈದುಗುರಿಯಲ್ಲಿ ಮೊಹಮ್ಮದ್ ಯೂಸುಫ್ ಅಂತ ಒಬ್ಬ ಪ್ರವಚನ ಹೇಳೋನು ಒಂದು ಗುಂಪು ಕಟ್ಟಿದ, ಅದೇ ಆಮೇಲೆ ಬೊಕೊ ಹರಾಮ್ ಅಂತ ಹೆಸರಾಯ್ತು. ಇಂಗ್ಲಿಷ್ ಸ್ಕೂಲಿಗೆ ಹೋಗಬಾರ್ದು, ಈ ಸರ್ಕಾರದ ಕೆಲಸ ಮಾಡಬಾರ್ದು ಅನ್ನೋದು ಅವನ ಪಾಠ. 2009ರಲ್ಲಿ ಬಿಬಿಸಿಯೋರ ಹತ್ರ ಮಾತಾಡ್ತಾ, ಬಿಸಿಲಿಗೆ ನೀರು ಆವಿಯಾಗಿ ಮಳೆ ಬರುತ್ತೆ ಅನ್ನೋದನ್ನ ನಾವು ಒಪ್ಪಲ್ಲ, ಭೂಮಿ ದುಂಡಗಿದೆ ಅನ್ನೋದನ್ನೂ ಒಪ್ಪಲ್ಲ ಅಂದಿದ್ದ. ಕೇಳಿದ್ರೆ ನಗು ಬರುತ್ತೆ. ಆದ್ರೆ ಅವನ ಮಸೀದಿಗೆ ಹೋದ ಹುಡುಗರಿಗೆ ಊಟ ಸಿಗ್ತಿತ್ತು, ಮಲಗೋಕೆ ಜಾಗ ಸಿಗ್ತಿತ್ತು, ಸಣ್ಣ ವ್ಯಾಪಾರಕ್ಕೆ ಸಾಲ, ಕೊನೆಗೆ ಮದುವೆ ಕೂಡ ಅವರೇ ಮಾಡಿಸ್ತಿದ್ರು. ಕಚ್ಚಾ ತೈಲದ ದುಡ್ಡು ಕೋಟಿಗಟ್ಲೆ ಬರೋ ದೇಶದಲ್ಲಿ ಈ ಮೂಲೆಗೆ ಅದರ ವಾಸನೆಯೂ ಬಂದಿರ್ಲಿಲ್ಲ, ಡಿಗ್ರಿ ಮಾಡಿದೋನಿಗೂ ಕೆಲಸ ಇಲ್ಲ, ಹಂಗಿದ್ದಾಗ 'ಈ ಓದಿಂದ ನಿಂಗೇನು ಸಿಕ್ತು' ಅಂತ ಯಾರಾದ್ರೂ ಕೇಳಿದ್ರೆ ತಲೆಗೆ ಹೋಗದೆ ಇರುತ್ತಾ.

ಕಿಡಿ ಹೊತ್ತಿದ್ದು ಹೆಲ್ಮೆಟ್ ವಿಷಯಕ್ಕೆ ಅಂದ್ರೆ ನಂಬ್ತೀರಾ ಅಪ್ಪಾಜಿ? 2009ರ ಜೂನ್‌ನಲ್ಲಿ ಆ ಗುಂಪಿನೋರು ಹೆಣ ಮಣ್ಣು ಮಾಡೋಕೆ ಬೈಕ್‌ಗಳಲ್ಲಿ ಹೋಗ್ತಿದ್ರು, ಹೆಲ್ಮೆಟ್ ಹಾಕಿಲ್ಲ ಅಂತ ಪೊಲೀಸರು ಅಡ್ಡ ಹಾಕಿದ್ರು, ಮಾತಿಗೆ ಮಾತು ಬೆಳೆದು ಗುಂಡು ಹಾರ್ತು, 17 ಜನಕ್ಕೆ ಗಾಯ. ಜುಲೈನಲ್ಲಿ ಅವರು ನಾಲ್ಕು ರಾಜ್ಯದಲ್ಲಿ ಠಾಣೆಗಳಿಗೆ ನುಗ್ಗಿದ್ರು, ಸೇನೆ ಬಂತು, ನಾಲ್ಕೈದು ದಿನದಲ್ಲಿ 800ರ ಹತ್ರ ಹೆಣ. ಯೂಸುಫ್‌ನ ಸೇನೆಯೋರು ಜೀವಂತ ಹಿಡಿದು ಪೊಲೀಸರಿಗೆ ಒಪ್ಪಿಸಿದ್ರು, ಪೊಲೀಸರು ಕೋರ್ಟೂ ಇಲ್ಲ ಕಚೇರಿನೂ ಇಲ್ಲ, ಸ್ಟೇಷನ್ನಲ್ಲೇ ಮುಗಿಸಿದ್ರು. ಅವನ ವಿಚಾರಣೆ ವಿಡಿಯೋ, ಹೆಣದ ಫೋಟೋ ಮೊಬೈಲಿಂದ ಮೊಬೈಲಿಗೆ ಓಡಾಡ್ತು. ಎನ್‌ಕೌಂಟರ್ ಅಂದ್ರೆ ನಮ್ಮಲ್ಲಿ ಚಪ್ಪಾಳೆ ಹೊಡೀತೀವಿ, ಇಲ್ಲಿ ಅದರ ಬಡ್ಡಿ ಇವತ್ತಿಗೂ ಕಟ್ತಿದಾರೆ. ಅವನ ಜಾಗಕ್ಕೆ ಬಂದ ಶೆಕಾವ್ ಅವನಿಗಿಂತ ನೂರು ಪಾಲು ಕ್ರೂರಿ. ಪೊಲೀಸರು ಮಾಡಿದ್ದು ತಪ್ಪು ಅಂತ ಇವರು ಮಾಡಿದ್ದಕ್ಕೆ ಮಾಫಿ ಇದೆ ಅಂತಲ್ಲ ಮತ್ತೆ, ಹಾಸ್ಟೆಲಲ್ಲಿ ಪರೀಕ್ಷೆಗೆ ಅಂತ ಬಂದಿದ್ದ 276 ಹುಡುಗೀರನ್ನ ಬೊರ್ನೊದ ಚಿಬೋಕ್ ಊರಿಂದ ಲಾರಿಗಳಲ್ಲಿ ತುಂಬ್ಕೊಂಡು ಹೋದೋರಿಗೆ ಯಾವ ಕಾರಣ ಕೊಟ್ರೂ ಸಾಲಲ್ಲ. 2014 ಅದು, ನೀವೂ ಟಿವಿಲಿ ನೋಡಿರ್ತೀರಿ. ಎಷ್ಟೋ ಹುಡುಗೀರು ಇನ್ನೂ ವಾಪಸ್ ಬಂದಿಲ್ಲ.

ನಾನು ಕೆಲಸ ಮಾಡೋ ಅಕ್ಕಿ ಮಿಲ್‌ನ ಫೋರ್‌ಮನ್ ಬೊರ್ನೊದೋರು. ಭತ್ತದ ಲೋಡ್ ಬಂದ್ರೆ ತೇವ ಅಳೆಯೋ ಮಾಯಿಶ್ಚರ್ ಮೀಟರ್ ಮುಟ್ಟೋ ಮುಂಚೆ ಚೀಲದಿಂದ ಎರಡು ಕಾಳು ತೆಗೆದು ಹಲ್ಲಲ್ಲಿ ಕಟ್ ಅನಿಸಿ ನೋಡ್ತಾರೆ, ಥೇಟ್ ನೀವು ಮಾಡ್ದಂಗೆ ಅಪ್ಪಾಜಿ. ಅವರ ತಮ್ಮ ಪ್ರೈಮರಿ ಸ್ಕೂಲ್ ಮೇಷ್ಟ್ರು. ಆ ಕಡೆ 2009ರಿಂದ 2017ರೊಳಗೆ 2,295 ಮೇಷ್ಟ್ರುಗಳನ್ನ ಕೊಂದಿದಾರೆ ಅಂತ ಯುನಿಸೆಫ್ ಲೆಕ್ಕ. ಇವರ ತಮ್ಮ ಬದುಕಿದಾರೆ, ಆದ್ರೆ ಊರು ಬಿಟ್ಟು ಮೈದುಗುರಿಯ ಕ್ಯಾಂಪಲ್ಲಿ ತುಂಬಾ ದಿನ ಇದ್ರಂತೆ.

ಫೋರ್‌ಮನ್ ಬಾಯಿ ಬಿಡೋದು ಕಡಿಮೆ, ಆದ್ರೆ ಜಬರ್ಮಾರಿ ಅಂದ್ರೆ ಮಾತು ನಿಲ್ಲಲ್ಲ. ಮೈದುಗುರಿ ಹತ್ರದ ಭತ್ತದ ಊರು ಅದು. 2020ರ ನವೆಂಬರ್ 28, ಕೊಯ್ಲು ಜೋರಾಗಿದ್ದ ಹೊತ್ತು, ಬೊಕೊ ಹರಾಮ್‌ನೋರು ಬೈಕ್‌ಗಳಲ್ಲಿ ಬಂದು ಗದ್ದೇಲಿ ಕೆಲಸ ಮಾಡ್ತಿದ್ದೋರನ್ನ ಹಿಡಿದು ಕೈಕಟ್ಟಿ ಕುತ್ತಿಗೆ ಕೊಯ್ದಿದಾರೆ. ಮಾರನೇ ದಿನ 43 ಹೆಣ ಮಣ್ಣು ಮಾಡಿದ್ರು, ಆಮೇಲೆ ಇನ್ನೂ ಸಿಕ್ವು. ಎಷ್ಟೋ ಜನ ಸಾವಿರ ಕಿಲೋಮೀಟರ್ ಆಚೆ ಸೊಕೊಟೊದಿಂದ ಕೂಲಿಗೆ ಬಂದೋರು. ನಮ್ಮ ನಾಲೆ ಕಡೆ ಗದ್ದೆ ಕೊಯ್ಯೋಕೆ ಬೇರೆ ಜಿಲ್ಲೆಯಿಂದ ಆಳು ಬರ್ತಾರಲ್ಲ, ಹಂಗೇ, ನಾಲ್ಕು ಕಾಸು ಮಾಡ್ಕೊಂಡು ಹೋಗೋಣ ಅಂತ ಬಂದೋರು. ಆಗ ಆ ರಾಜ್ಯದ ಗವರ್ನರ್ ಆಗಿದ್ದ ಜುಲುಮ್ ಮಣ್ಣು ಮಾಡಿದ ದಿನವೇ ಹೇಳಿದ್ರು, ಮನೇಲಿದ್ರೆ ನಮ್ಮ ಜನ ಹಸಿವಿಂದ ಸಾಯ್ತಾರೆ, ಹೊಲಕ್ಕೆ ಹೋದ್ರೆ ಇವರ ಕೈಲಿ ಸಾಯ್ತಾರೆ ಅಂತ. ಸತ್ತೋರಲ್ಲಿ ಹೆಚ್ಚಿನೋರು ನಮಾಜ್ ಮಾಡೋ ಜನಾನೇ. ಇಲ್ಲಿ ಕಾನೋದಲ್ಲೂ 2014ರಲ್ಲಿ ಶುಕ್ರವಾರದ ನಮಾಜಿಗೆ ದೊಡ್ಡ ಮಸೀದಿಗೆ ಬಂದೋರ ಮೇಲೇ ಬಾಂಬ್ ಹಾಕಿ ನೂರಕ್ಕೂ ಹೆಚ್ಚು ಜನರನ್ನ ಕೊಂದ್ರು. ಇದನ್ನ ಮಾವನಿಗೆ ತಮ್ಮ ಓದಿ ಹೇಳ್ಲೇಬೇಕು, ಬಿಡಬೇಡ ಕಣೋ.

ಈಗ ಆ ಗುಂಪು ಎರಡಾಗಿದೆ. 2016ರಲ್ಲಿ ಐಸಿಸ್‌ನೋರು ಯೂಸುಫ್‌ನ ಮಗನನ್ನೇ ನಾಯಕ ಅಂತ ಘೋಷಿಸಿದ್ರು, ಐದು ವರ್ಷ ಕಳೆದು ಅವನ ಕಡೆಯೋರೇ ಶೆಕಾವ್‌ನ ಸಾಂಬಿಸಾ ಕಾಡಲ್ಲಿ ಸುತ್ತುವರಿದಾಗ ಅವನು ಬಾಂಬ್ ಸಿಡಿಸ್ಕೊಂಡು ಸತ್ತ. ಮಗನ ಕಡೆಯೋರು ಲೇಕ್ ಚಾಡ್ ಹತ್ರ ಮೀನುಗಾರರು, ರೈತರು, ದನ ಮೇಯಿಸೋರ ಹತ್ರ ಟ್ಯಾಕ್ಸ್ ವಸೂಲಿ ಮಾಡ್ತಾರೆ. ಕಟ್ಟಿದ್ರೆ ಸೇನೆಗೆ ಅನುಮಾನ, ಕಟ್ಟದಿದ್ರೆ ಇವರ ಕೈಲಿ ಏಟು, ಬಡವ ಎಲ್ಲಿಗೆ ಹೋಗ್ಬೇಕು. ಗುಂಡಿಗೆ ಸತ್ತೋರು 35 ಸಾವಿರ ಆದ್ರೆ, ಹಸಿವು, ಕಾಯಿಲೆ, ಆಸ್ಪತ್ರೆ ಇಲ್ಲದೆ ಸತ್ತೋರನ್ನೂ ಸೇರಿಸಿದ್ರೆ 2020ರ ಹೊತ್ತಿಗೇ ಮೂರೂವರೆ ಲಕ್ಷ ಅಂತ ವಿಶ್ವಸಂಸ್ಥೆಯ ಅಂದಾಜು, ಅದ್ರಲ್ಲಿ ಹೆಚ್ಚಿನೋವು ಐದು ವರ್ಷದೊಳಗಿನ ಮಕ್ಕಳು. ವಿಡಿಯೋದಲ್ಲಿ ಅವು ಬರಲ್ಲ.

ಅಮ್ಮ, ಇಷ್ಟು ಓದಿ ಇನ್ನೂ ಹೆದರಬೇಡ. ಕಂಪನಿ ಕಾಂಪೌಂಡಲ್ಲೇ ರೂಮು, ಕತ್ತಲಾದ್ಮೇಲೆ ಊರಾಚೆ ಹೋಗಲ್ಲ, ಭತ್ತ ಖರೀದಿಗೆ ಬೊರ್ನೊ ಕಡೆ ನಮ್ಮನ್ನ ಕಳ್ಸೋದೇ ಇಲ್ಲ, ಅಲ್ಲಿಯ ವ್ಯಾಪಾರಿಗಳೇ ಲೋಡ್ ತರ್ತಾರೆ. ಫೋರ್‌ಮನ್ ಮಗಳು ಮೈದುಗುರಿ ಯೂನಿವರ್ಸಿಟಿಲಿ ಓದ್ತಿದಾಳೆ, 2017ರಲ್ಲಿ ಕ್ಯಾಂಪಸ್ ಮಸೀದಿಲಿ ಬಾಂಬ್ ಸಿಡಿದು ಒಬ್ರು ಪ್ರೊಫೆಸರ್ ಸತ್ರೂ ಅದನ್ನ ಮುಚ್ಲಿಲ್ಲ. ಅವಳ ಫೀಸಿಗೆ ಅಂತ ಈ ತಿಂಗಳು ಅಡ್ವಾನ್ಸ್ ಕೇಳಿದಾರೆ, ಮ್ಯಾನೇಜರ್ ಹತ್ರ ನಾನೇ ಹೇಳಿ ಕೊಡಿಸ್ತೀನಿ. ನನ್ನ ದುಡ್ಡು ಹತ್ತನೇ ತಾರೀಖಿಗೆ ಹಾಕ್ತೀನಿ, ಅಪ್ಪಾಜಿ ಗೊಬ್ಬರದ ಬಾಕಿ ಅದ್ರಲ್ಲಿ ತೀರಿಸಿ.

ನಿಮ್ಮ ದೊಡ್ಡ ಮಗ