ನಮ್ಮ ಶಾಲೆಯ ರಗ್ಬಿ ತಂಡಕ್ಕೆ 1,73,250 ರೂಪಾಯಿ ಬೇಕು

ಎಲ್ಲರಿಗೂ ನಮಸ್ಕಾರ. ದುಡ್ಡು ಕೇಳುವುದಕ್ಕೇ ಬರೆಯುತ್ತಿದ್ದೇನೆ. ಸುತ್ತಿ ಬಳಸಿ ಕೊನೆಗೆ ಕೈ ಚಾಚುವುದು ಬೇಡ ಅಂತ ಮೊದಲೇ ಹೇಳಿಬಿಟ್ಟೆ. ಮಾಗಡಿ ರಸ್ತೆ ಪಕ್ಕದ ನಮ್ಮ ಕನ್ನಡ ಮಾಧ್ಯಮ ಶಾಲೆಯ ರಗ್ಬಿ ತಂಡ ಈ ವರ್ಷ ನಡೆಯಬೇಕಾದರೆ 2,04,700 ರೂಪಾಯಿ ಬೇಕು. ಹಳೇ ವಿದ್ಯಾರ್ಥಿಗಳ ಟ್ರಸ್ಟಿನ ಪಾಸ್‌ಬುಕ್ಕಿನಲ್ಲಿ ಇರುವುದು 31,450. ಖಜಾಂಚಿ ನಾನೇ. ಹಾಗಾಗಿ ಈ ಕಳೆಯುವ ಲೆಕ್ಕ ನಿದ್ದೆಯಲ್ಲೂ ಬರುತ್ತದೆ.

"ರಗ್ಬಿನಾ? ಅದೂ ಕನ್ನಡ ಶಾಲೇಲಾ?" ಅಂತ ಕೇಳುವವರು ಇದ್ದೇ ಇರುತ್ತಾರೆ. 2009ರಲ್ಲಿ ನಮ್ಮ ಪಿಟಿ ಮೇಷ್ಟ್ರು ಎಲ್ಲಿಂದಲೋ ಒಂದೇ ಒಂದು ಹಳೇ ಚೆಂಡು ತಂದರು. ಮಕ್ಕಳು ಅದಕ್ಕೆ ಮೊಟ್ಟೆ ಚೆಂಡು ಅಂತ ಹೆಸರಿಟ್ಟರು, ಇವತ್ತಿಗೂ ಅದೇ ಹೆಸರು. ಅದು ಪಂಕ್ಚರ್ ಆದಾಗ ಸೈಕಲ್ ಅಂಗಡಿಯವನು ಎರಡು ದಿನ ಇಟ್ಟುಕೊಂಡು, ತಲೆ ಕೆರೆದುಕೊಂಡು, ಕೊನೆಗೂ ಪ್ಯಾಚ್ ಹಾಕಿಕೊಟ್ಟ. ಕಬಡ್ಡಿ ಆಡಿ ಗೊತ್ತಿದ್ದ ಮಕ್ಕಳಿಗೆ ಹಿಡಿದು ಕೆಡವುವುದನ್ನು ಹೇಳಿಕೊಡಬೇಕಾಗಿರಲಿಲ್ಲ. ಕಷ್ಟವಾಗಿದ್ದು ಒಂದೇ: ಓಡುವುದು ಮುಂದಕ್ಕೆ, ಆದರೆ ಕೈಯಲ್ಲಿ ಚೆಂಡು ಕೊಡುವುದು ಮಾತ್ರ ಪಕ್ಕಕ್ಕೆ ಇಲ್ಲವೇ ಹಿಂದಕ್ಕೆ. ತಿಂಗಳುಗಟ್ಟಲೆ ಮೇಷ್ಟ್ರು "ಹಿಂದಕ್ಕೋ, ಹಿಂದಕ್ಕೋ" ಅಂತ ಕೂಗುತ್ತಿದ್ದರು. ಪಕ್ಕದ ಮನೆ ಅಜ್ಜಿ ಒಂದು ದಿನ ಗೇಟಿಗೇ ಬಂದು, ಇವರು ಯಾವತ್ತು ಮುಂದಕ್ಕೆ ಹೋಗೋದು ಅಂತ ಕೇಳಿದ್ದರು.

ಒಂದು ಕಾಲಕ್ಕೆ 58 ಮಕ್ಕಳಿದ್ದರು. ಈಗ 24. ಸುತ್ತಮುತ್ತ ನಾಲ್ಕು ಶಾಲೆಗಳು ಶನಿವಾರ ಶನಿವಾರ ಆಡುತ್ತಿದ್ದವು, ಈಗ ಇನ್ನೊಂದೇ ಶಾಲೆ ಉಳಿದಿದೆ. ಅವರೂ ಫೋನ್ ಮಾಡಿ "ಈ ವಾರ ಏಳು ಜನ ಆಗ್ತಿಲ್ಲ ಸರ್" ಅನ್ನುತ್ತಾರೆ. (ರಗ್ಬಿಯಲ್ಲಿ ತಂಡಕ್ಕೆ ಹದಿನೈದು ಜನರ ಆಟವೂ ಇದೆ, ಏಳು ಜನರ ಆಟವೂ ಇದೆ. ನಮ್ಮದು ಏಳು ಜನರದ್ದು.)

ಯಾರನ್ನೇ ಕೇಳಿ, ಮಕ್ಕಳು ಮೊಬೈಲ್ ಹಿಡಿದು ಕೂತುಬಿಟ್ಟಿದ್ದಾರೆ ಅನ್ನುವ ಉತ್ತರ ರೆಡಿ ಇರುತ್ತದೆ. ನಾನು ಒಪ್ಪುವುದಿಲ್ಲ. 2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದಾಗ, ಬೆಂಗಳೂರು ಬ್ರೇವ್‌ಹಾರ್ಟ್ಸ್ ತಂಡದ ಆಟವನ್ನು ನಮ್ಮ ಹುಡುಗರು ನೋಡಿದ್ದು ಅದೇ ಮೊಬೈಲ್‌ನಲ್ಲಿ, ಒಂದೇ ಫೋನಿಗೆ ಒಂಬತ್ತು ತಲೆ. ಆಸೆಗೇನೂ ಬರ ಬಂದಿಲ್ಲ.

ನಿಜವಾದ ಏಟು ಬಿದ್ದಿದ್ದು ಪಿಟಿ ಮೇಷ್ಟ್ರು ನಿವೃತ್ತರಾದಾಗ. ಆ ಹುದ್ದೆ ತುಂಬಲಿಲ್ಲ. ಪಿಟಿ ಪೀರಿಯಡ್ಡು ಗಣಿತಕ್ಕೆ ಹೋಯಿತು. ಹತ್ತನೇ ಕ್ಲಾಸಿನವರಿಗಂತೂ ಬೆಳಗ್ಗೆ ಸ್ಪೆಷಲ್ ಕ್ಲಾಸ್, ಸಂಜೆ ಸ್ಪೆಷಲ್ ಕ್ಲಾಸ್. ಜೊತೆಗೆ ಶಾಲೆಯ ಮಕ್ಕಳ ಸಂಖ್ಯೆಯೇ ಇಳಿದಿದೆ. ಎರಡು ಸೆಕ್ಷನ್ ಇದ್ದ ಕಡೆ ಒಂದು. ಕನ್ನಡ ಶಾಲೆಗಳ ಕಥೆ ನಿಮಗೆ ಗೊತ್ತಿರುವುದೇ, ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಇದು ನಮ್ಮ ಒಂದು ಶಾಲೆಯ ಗೋಳಲ್ಲ. ಆ ಆಟ ಹುಟ್ಟಿದ ಇಂಗ್ಲೆಂಡಿನಲ್ಲೇ 1980ರ ದಶಕದ ಮಧ್ಯದಲ್ಲಿ ಮೇಷ್ಟ್ರುಗಳು ಸಂಬಳದ ಜಗಳದಲ್ಲಿ ಶಾಲೆ ಬಿಟ್ಟ ಮೇಲಿನ ಬಿಟ್ಟಿ ಕೆಲಸ ನಿಲ್ಲಿಸಿದರು. ಶನಿವಾರದ ಪಂದ್ಯಗಳು ನಿಂತವು. ಜಗಳ ಮುಗಿದ ಮೇಲೂ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಅವು ಮತ್ತೆ ಶುರುವಾಗಲೇ ಇಲ್ಲ. ಅದೇ ಕಾಲದಲ್ಲಿ ಅಲ್ಲಿನ ಶಾಲೆಗಳ ಮೈದಾನಗಳೂ ಒಂದೊಂದಾಗಿ ಮಾರಾಟವಾದವು. ಜಪಾನಿನಲ್ಲಿ ಬೇರೆ ತೊಂದರೆ: ಹುಟ್ಟುವ ಮಕ್ಕಳೇ ಕಡಿಮೆ, ಹಾಗಾಗಿ ಹದಿನೈದು ಜನ ಸಿಗದ ಹೈಸ್ಕೂಲುಗಳು ಎರಡು ಮೂರು ಸೇರಿ ಒಂದು ತಂಡ ಮಾಡುತ್ತವೆ. ಇದನ್ನು ಓದಿದ ಮೇಲೆ ನಾವೂ ಪಕ್ಕದ ಶಾಲೆಯವರನ್ನು ಕೇಳಿದೆವು. ಜರ್ಸಿ ಬಣ್ಣ ಯಾರದ್ದು ಅನ್ನುವಲ್ಲಿಗೆ ಮಾತು ನಿಂತಿದೆ!

ನಮ್ಮ ದೇಶದಲ್ಲಿ ಈ ಆಟ ಮುಳುಗಿದ್ದೂ ಇದೇ ಮೊದಲಲ್ಲ. 1872ರ ಕ್ರಿಸ್‌ಮಸ್ ದಿನ ಕಲ್ಕತ್ತಾದಲ್ಲಿ ಬ್ರಿಟಿಷರು ಆಡಿದರು, ಕ್ಲಬ್ಬೂ ಕಟ್ಟಿದರು. ಕೆಲವೇ ವರ್ಷಕ್ಕೆ ಅಲ್ಲಿದ್ದ ಸೇನೆಯ ರೆಜಿಮೆಂಟ್ ಹೊರಟುಹೋಯಿತು, ಕ್ಲಬ್ಬಿನಲ್ಲಿ ಪುಕ್ಕಟೆ ಮದ್ಯ ಕೊಡುವುದನ್ನೂ ನಿಲ್ಲಿಸಿದರು, ಜನ ಪೋಲೋ ಕಡೆಗೆ ಟೆನಿಸ್ ಕಡೆಗೆ ಹೋದರು. 1878ರಲ್ಲಿ ಬ್ಯಾಂಕಿನಲ್ಲಿದ್ದ 270 ಬೆಳ್ಳಿ ರೂಪಾಯಿ ತೆಗೆಸಿ, ಕರಗಿಸಿ ಒಂದು ಕಪ್ ಮಾಡಿಸಿದರು. ಮುಚ್ಚಳದ ಮೇಲೆ ಆನೆ, ಹಿಡಿಕೆಗಳಿಗೆ ನಾಗರಹಾವು. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇವತ್ತಿಗೂ ಅದೇ ಕಲ್ಕತ್ತಾ ಕಪ್ಪಿಗೆ ಆಡುತ್ತವೆ. ನಮ್ಮ ಪಾಸ್‌ಬುಕ್ಕಿನಲ್ಲಿರುವುದನ್ನು ಕರಗಿಸಿದರೆ ಮಕ್ಕಳಿಗೆ ನೀರು ಕುಡಿಯುವ ಲೋಟಗಳಷ್ಟೇ ಆದೀತು, ಅವೂ ಸ್ಟೀಲಿನವು.

ಇನ್ನು ಮೈದಾನ. ನಮ್ಮದರಲ್ಲಿ ಅರ್ಧ ಹೊಸ ಕಟ್ಟಡಕ್ಕೆ ಹೋಯಿತು, ಉಳಿದರ್ಧದಲ್ಲಿ ಸ್ಕೂಟರ್ ನಿಲ್ಲುತ್ತವೆ. ಶಾಲೆಯೆಂದರೆ ಆಟದ ಮೈದಾನ ಇರಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲೇ ಇದೆ. ಇದೆ ಅಷ್ಟೇ. ಈಗ ಹತ್ತು ನಿಮಿಷ ನಡೆದು ಹೋಗಿ ಪಾಲಿಕೆ ಮೈದಾನದ ಒಂದು ಮೂಲೆಯಲ್ಲಿ ಆಡುತ್ತೇವೆ, ಬೆಳಗ್ಗೆ ಆರೂವರೆಗೆ, ವಾಕಿಂಗ್‌ನವರಿಗೂ ಕ್ರಿಕೆಟ್‌ನವರಿಗೂ ನಡುವೆ. ಗಣೇಶನ ಹಬ್ಬದಿಂದ ರಾಜ್ಯೋತ್ಸವದವರೆಗೆ ಅಲ್ಲಿ ಶಾಮಿಯಾನ ಏಳುವುದು ಇಳಿಯುವುದು ನಡೆದೇ ಇರುತ್ತದೆ. ಮಾರನೇ ದಿನ ಮಣ್ಣಿನಲ್ಲಿ ಮೊಳೆ, ತಂತಿ ಚೂರು, ಗೂಟ ಕಿತ್ತ ಗುಂಡಿ. ಅದಕ್ಕೇ ನಮ್ಮಲ್ಲಿ ವಾರ್ಮ್‌ಅಪ್ ಅಂದರೆ ಎಲ್ಲರೂ ಸಾಲಾಗಿ ಬಗ್ಗಿ ಮೊಳೆ ಹೆಕ್ಕುವುದು. ಮೊನ್ನೆ ಒಂದೇ ಬೆಳಗ್ಗೆ ಒಂದು ಐಸ್‌ಕ್ರೀಮ್ ಡಬ್ಬಿ ತುಂಬಿತು. ಹುಲ್ಲಿನ ಟರ್ಫ್ ಬಾಡಿಗೆಗೆ ಸಿಗುತ್ತದೆ, ನಾವು ಕೇಳಿದ ಕಡೆ ಗಂಟೆಗೆ 1,500 ಅಂದರು. ಸುಮ್ನೆ ವಾಪಸ್ ಬಂದೆವು.

ಈಗ ಅಮ್ಮಂದಿರ ವಿಷಯ. ಮಕ್ಕಳನ್ನು ಬಿಡಿಸಿಕೊಂಡು ಹೋದವರಲ್ಲಿ ಅವರೇ ಜಾಸ್ತಿ. ಮೊದಮೊದಲು ನನಗೂ ಸಿಟ್ಟು ಬರುತ್ತಿತ್ತು. ಆಮೇಲೆ ಒಬ್ಬ ತಾಯಿ ಟ್ರಸ್ಟ್ ಮೀಟಿಂಗಿಗೇ ಬಂದು, "ಕೈ ಮುರಿದ್ರೆ ಕಟ್ಟಿಸ್ತೀನಿ ಸರ್, ತಲೆಗೆ ಬಿದ್ರೆ ಏನ್ ಮಾಡ್ಲಿ?" ಅಂದರು. ಅವರ ಮಾತಿನಲ್ಲಿ ತಪ್ಪೇನಿದೆ? 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಸ್ಟೀವ್ ಥಾಂಪ್ಸನ್ 2020ರಲ್ಲಿ ತಮಗೆ ಮರೆವಿನ ಕಾಯಿಲೆ ಶುರುವಾಗಿದೆ ಅಂದರು. ಆ ಕಪ್ ಗೆದ್ದದ್ದೇ ಅವರಿಗೆ ನೆನಪಿಲ್ಲವಂತೆ. ತಲೆಗೆ ಮತ್ತೆ ಮತ್ತೆ ಬಿದ್ದ ಪೆಟ್ಟುಗಳೇ ಕಾರಣ ಅಂತ ಅವರೂ ಇನ್ನೂ ಹಲವು ಆಟಗಾರರೂ ಕೋರ್ಟಿಗೆ ಹೋಗಿದ್ದಾರೆ. 2023ರಿಂದ ಅಲ್ಲಿನ ಕ್ಲಬ್ ಮತ್ತು ಶಾಲೆಗಳ ಆಟದಲ್ಲಿ ಎದೆಮೂಳೆಯ ಕೆಳತುದಿಗಿಂತ ಮೇಲೆ ಹಿಡಿಯುವ ಹಾಗಿಲ್ಲ.

ಇದನ್ನೆಲ್ಲ ಮುಚ್ಚಿಟ್ಟು ದುಡ್ಡು ಕೇಳಿದರೆ ಅದು ಮೋಸ. ಆದ್ದರಿಂದ ನಮ್ಮಲ್ಲಿ ನಿಯಮ ಬದಲಾಯಿಸಿದ್ದೇವೆ. ಏಳನೇ ಕ್ಲಾಸಿನವರೆಗೆ ಟ್ಯಾಗ್ ರಗ್ಬಿ ಮಾತ್ರ. ಸೊಂಟದ ಪಟ್ಟಿಗೆ ಎರಡು ರಿಬ್ಬನ್ ಸಿಕ್ಕಿಸಿರುತ್ತದೆ, ರಿಬ್ಬನ್ ಕಿತ್ತರೆ ಹಿಡಿದಂತೆ ಲೆಕ್ಕ, ಯಾರೂ ಯಾರನ್ನೂ ಕೆಡವುವುದಿಲ್ಲ. ಸದ್ಯಕ್ಕೆ ಹಳೇ ದುಪಟ್ಟಾ ಹರಿದು ಮಾಡಿದ ರಿಬ್ಬನ್‌ಗಳು ನಡೆಯುತ್ತಿವೆ. ದೊಡ್ಡವರು ಸೊಂಟದಿಂದ ಕೆಳಗೆ ಹಿಡಿಯಬೇಕು. ತಲೆಗೆ ಪೆಟ್ಟು ಬಿದ್ದಿರಬಹುದು ಅನ್ನುವ ಅನುಮಾನ ಬಂದರೂ ಸಾಕು, ಆ ಮಗು ಆವತ್ತು ಮತ್ತೆ ಒಳಗೆ ಹೋಗುವಂತಿಲ್ಲ, ಡಾಕ್ಟರ್ ನೋಡಿ ಸರಿ ಅನ್ನಬೇಕು. ಅದನ್ನು ಗಮನಿಸಲು ಮೈದಾನದ ಪಕ್ಕದಲ್ಲಿ ತಿಳಿದವರೊಬ್ಬರು ಕೂತಿರಬೇಕಲ್ವಾ? ಆ ತಾಯಿಗೆ ನಾನು ಕೊಟ್ಟ ಮಾತು ಅದೇ. ಮಗಳನ್ನು ವಾಪಸ್ ಕಳಿಸಿದ್ದಾರೆ, ಮಾತು ಉಳಿಸಿಕೊಳ್ಳಬೇಕಾದವನು ನಾನು.

ಹೌದು, ಮಗಳು. ಆ 58ರ ಕಾಲದಲ್ಲಿ ಹುಡುಗಿಯರು ಆರೇ ಜನ. ಈಗಿನ 24ರಲ್ಲಿ 13 ಜನ ಹುಡುಗಿಯರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಫ್ರೀ ಆದ ಮೇಲೆ ಸುಂಕದಕಟ್ಟೆ ಕಡೆಯಿಂದಲೂ ಬರುತ್ತಾರೆ. ದೇಶದ ಮಟ್ಟದಲ್ಲೂ ಮೇಲೆ ಬಂದವರು ಅವರೇ. 2019ರಲ್ಲಿ ಭಾರತದ ಹೆಂಗಸರ ತಂಡ ಸಿಂಗಪುರವನ್ನು ಸೋಲಿಸಿತು, ಹದಿನೈದು ಜನರ ಆಟದಲ್ಲಿ ಅದೇ ಅವರ ಮೊದಲ ಅಂತಾರಾಷ್ಟ್ರೀಯ ಗೆಲುವು. ಆ ತಂಡದಲ್ಲಿ ಬಿಹಾರದ ಸ್ವೀಟಿ ಕುಮಾರಿ ಇದ್ದರು, ಮೊದಲು ಓಟದ ಹುಡುಗಿ, ಆಮೇಲೆ ಚೆಂಡು ಹಿಡಿದವರು. ನಮ್ಮ ಎಂಟನೇ ಕ್ಲಾಸಿನ ಒಬ್ಬಳು ತನ್ನ ಜಾಮೆಟ್ರಿ ಬಾಕ್ಸಿನ ಒಳಗೆ ಅವರ ಫೋಟೋ ಅಂಟಿಸಿಕೊಂಡಿದ್ದಾಳೆ.

ಲೆಕ್ಕ ಹೇಳುತ್ತೇನೆ. ದೊಡ್ಡ ಪಾಲು ಕೋಚ್‌ಗೆ, ತಿಂಗಳಿಗೆ 8,000ದಂತೆ ಹತ್ತು ತಿಂಗಳಿಗೆ 80,000. ಕಡಿಮೆಯೇ, ಆದರೆ ಅವನು ನಮ್ಮದೇ ಹಳೇ ಹುಡುಗ, ಒಪ್ಪಿಕೊಂಡಿದ್ದಾನೆ. ಒಬ್ಬರ ಮೇಲೆ ನಿಂತ ಆಟ ಆ ಒಬ್ಬರು ಹೋದಾಗ ಬಿತ್ತು. ಅದಕ್ಕೇ ಈ ಸಲ ಮೇಷ್ಟ್ರ ಪ್ರೀತಿಯ ಮೇಲೆ ಬಿಡದೆ ಸಂಬಳ ಕೊಟ್ಟು ನಡೆಸಬೇಕು ಅಂತ ಟ್ರಸ್ಟಿನಲ್ಲಿ ಜಗಳವಾಡಿ ತೀರ್ಮಾನಿಸಿದ್ದೇವೆ. ಪಂದ್ಯದ ದಿನ ಫಿಸಿಯೋ ಬಂದು ಕೂರಲು 1,500ರಂತೆ ಹನ್ನೆರಡು ದಿನಕ್ಕೆ 18,000. ಶೂ, ಹಲ್ಲಿನ ಗಾರ್ಡ್, ಎಂಟು ಚೆಂಡು, ಮೂವತ್ತು ಟ್ಯಾಗ್ ಬೆಲ್ಟ್ ಎಲ್ಲ ಸೇರಿ 43,300. ಹಲ್ಲಿನ ಗಾರ್ಡನ್ನು ಬಿಸಿನೀರಿಗೆ ಹಾಕಿ ಕಚ್ಚಿ ಅಳತೆಗೆ ತರಬೇಕು, ಆ ನೀರನ್ನು ಟೀ ಅಂಗಡಿಯವರು ಪುಕ್ಕಟೆ ಕೊಡುತ್ತಾರೆ, ಅದಕ್ಕೆ ದುಡ್ಡಿಲ್ಲ. ಪ್ರಾಕ್ಟೀಸ್ ಆದ ಮೇಲೆ ಮೊಟ್ಟೆ, ಬಾಳೆಹಣ್ಣಿಗೆ ವರ್ಷಕ್ಕೆ 38,400. ಇದನ್ನು ಕಡಿತ ಮಾಡಿ ಅಂತ ಯಾರೋ ಹೇಳಿದರು. ಬೆಳಗ್ಗೆ ಆರೂವರೆಗೆ ಖಾಲಿ ಹೊಟ್ಟೆಯಲ್ಲಿ ಬರುವ ಮಕ್ಕಳನ್ನು ಅವರು ನೋಡಿಲ್ಲ, ಪಾಪ. ಹೊರಗೆ ಎರಡು ಟೂರ್ನಮೆಂಟಿಗೆ ಹೋಗಿ ಬರಲು 25,000.

350 ರೂಪಾಯಿ ಕೊಟ್ಟರೂ ಆದೀತು, ಒಂದು ಹಲ್ಲಿನ ಗಾರ್ಡೂ ಐದು ದಿನದ ತಿಂಡಿಯೂ ಆಗುತ್ತದೆ. ಶಾಲೆಯ ಆಫೀಸಿನಲ್ಲಿ ಕೆಲಸದ ದಿನ ಹತ್ತರಿಂದ ನಾಲ್ಕರವರೆಗೆ ತಗೊಳ್ಳುತ್ತಾರೆ, ಯುಪಿಐ ಮಾಡುವವರಿಗೆ ಅಲ್ಲೇ ಗೋಡೆ ಮೇಲೆ ಟ್ರಸ್ಟಿನ ಕ್ಯೂಆರ್ ಕೋಡ್ ಇದೆ. ರಸೀದಿ ಕೇಳಿ ತಗೊಳ್ಳಿ, ಬೇಡ ಅಂದರೂ ಕೊಡುತ್ತೇವೆ. 80ಜಿ ತೆರಿಗೆ ರಿಯಾಯಿತಿ ನಮಗೆ ಇನ್ನೂ ಬಂದಿಲ್ಲ, ಅದರ ಮೇಲೆ ಕಣ್ಣಿಟ್ಟು ಕೊಡುವವರು ಸ್ವಲ್ಪ ಕಾಯಬೇಕು. ಟೀಮಿನ ಖರ್ಚಿನ ಪಟ್ಟಿಯನ್ನು ಪ್ರತಿ ತಿಂಗಳ ಐದನೇ ತಾರೀಖು ನೋಟಿಸ್ ಬೋರ್ಡಿಗೆ ಹಾಕುತ್ತೇನೆ, ಬಿಲ್ ಸಮೇತ.

ದುಡ್ಡು ಬೇಡ, ಬಳಸಿದ ಸ್ಟಡ್ ಶೂ ಇದೆ ಅನ್ನುವವರು ತನ್ನಿ. 3ರಿಂದ 8ರವರೆಗಿನ ಸೈಜ್ ನಮಗಾಗುತ್ತದೆ. ಅದೂ ಇಲ್ಲ ಅಂದರೆ ಮಂಗಳವಾರ ಇಲ್ಲವೇ ಶನಿವಾರ ಬೆಳಗ್ಗೆ ಆರೂವರೆಗೆ ಮೈದಾನಕ್ಕೆ ಬನ್ನಿ. ಮೊಳೆ ಹೆಕ್ಕುವುದಕ್ಕೆ ಜನ ಕಡಿಮೆ ಇದ್ದಾರೆ.